ಮಿಷನ್ನಿಗೆ ಕಲಿಸಿದ ಕೈ

ಕೀಲುನೋವಿನ ಒ.ಪಿ.ಡಿ.ಯಲ್ಲಿ ವಾರಕ್ಕೊಂದು ಎಡವಟ್ಟು ಆಗದಿದ್ದರೆ ನಮಗೆ ತಿಂದ ಅನ್ನ ಅರಗಲ್ಲ. ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸು, ಭದ್ರಾವತಿಯಿಂದ ದಿನಾ ಬಸ್ಸಲ್ಲಿ ಬರ್ತೀನಿ. ನಮ್ಮ ಡಾಕ್ಟ್ರಿಗೆ ಸಂಶೋಧನೆಯ ಹುಚ್ಚು. ಕೈಯ ಫೋಟೊ ನೋಡಿ ಸಂಧಿವಾತ ಇದೆಯೋ ಇಲ್ವೋ ಹೇಳೋ ಎ.ಐ. ಮಾಡ್ತಾರಂತೆ, ನಮ್ಮ ಬಾಯಲ್ಲಿ ಅದು ಮಿಷನ್. ಫೋಟೊ ತೆಗೆಯೋಳು, ಪ್ರಶ್ನೆ ಕೇಳಿ ಟ್ಯಾಬಿಗೆ ತುಂಬಿಸೋಳು ನಾನು. ಅದರ ಮಧ್ಯೆ ನನ್ನ ಬೆರಳೇ ನೋಯೋಕೆ ಶುರುವಾಯ್ತು. ಯಾರಿಗೆ ಹೇಳೋಣ, ಪುರುಸೊತ್ತೆಲ್ಲಿ?

ನಿಮಿಷ

ಮೊದಲ ಪ್ರಶ್ನೆ: ಬೆಳಿಗ್ಗೆ ಎದ್ದಾಗ ಕೈ ಎಷ್ಟು ನಿಮಿಷ ಬಿಗಿ ಇರುತ್ತೆ? ಕುಂಸಿ ಕಡೆಯ ಅಜ್ಜಿ ಹೇಳಿದ್ರು, "ಎಮ್ಮೆ ಹಾಲು ಕರೆದು, ಡೈರಿಗೆ ಹಾಕಿ ಬರೋ ತನಕ."

"ನಿಮಿಷದಲ್ಲಿ ಹೇಳಿ ಅಜ್ಜಿ."

"ಎಮ್ಮೆ ಒದ್ದ ದಿನ ಜಾಸ್ತಿ ಆಗುತ್ತೆ ಕಣವ್ವ."

ಎಮ್ಮೆಗೆ ಅಲ್ಲಿ ಕಾಲಂ ಇಲ್ಲ. ಕ್ಯೂ ಬಾಗಿಲು ದಾಟಿತ್ತು. ಮೂವತ್ತು ನಿಮಿಷ ಅಂತ ಒತ್ತಿದೆ. ಆಮೇಲೆ ಬಂದೋರಿಗೆಲ್ಲ ಅದನ್ನೇ ಒತ್ತಿದೆ. ತಿಂಗಳು ಕಳೆದು ಡಾಕ್ಟ್ರು ಮೀಟಿಂಗಲ್ಲಿ ಹಿಗ್ಗಿಹೋದ್ರು: "ನಮ್ಮ ಜಿಲ್ಲೆಯಷ್ಟು ಅಚ್ಚುಕಟ್ಟಾದ ಡೇಟಾ ಎಲ್ಲೂ ಇಲ್ಲ!"

ಚೊಗರು

ಅಡಿಕೆ ಸುಲಿಯೋ ಹೆಂಗಸೊಬ್ಬರು ಬಂದ್ರು. ಹಸಿ ಅಡಿಕೆ ರಸದ ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಮಿಷನ್ "ಕೈ ತೊಳೆದು ತೋರಿಸಿ" ಅಂತು. ಮೂರು ಸಲ ತೊಳೆಸಿದೆ. ಸೋಪು ಸವೀತು, ಕಪ್ಪು ಹೋಗಲಿಲ್ಲ.

"ಸುಗ್ಗಿ ಮುಗಿಸಿ ಬನ್ನಿ" ಅಂದ್ರು ಡಾಕ್ಟ್ರು.

ಆಕೆ ಎದ್ದು ನಿಂತು, "ಕೆಲಸ ಮಾಡದ ಕೈಯೇ ಬೇಕಂದ್ರೆ ನಮ್ಮನೆಯವರನ್ನ ಕಳಿಸ್ತೀನಿ, ಇಟ್ಕೊಳ್ಳಿ" ಅಂದ್ರು. ನಾನು ಬಿದ್ದು ಬಿದ್ದು ನಕ್ಕೆ. ಆಕೆ ಔಷಧಿ ಇಲ್ಲದೆ ವಾಪಸ್ ಹೋದ್ರು. ನಕ್ಕಿದ್ದಕ್ಕೆ ಈಗಲೂ ನಾಚಿಕೆ ಆಗುತ್ತೆ.

ಚೆನ್ನಾಗಿರೋ ಕೈ

ಮಿಷನ್ನಿಗೆ ರೋಗ ಇಲ್ಲದ ಕೈಯನ್ನೂ ತೋರಿಸಿ ಕಲಿಸಬೇಕು. ರೋಗ ಇಲ್ಲದೋರು ಆಸ್ಪತ್ರೆಗೆ ಯಾಕೆ ಬರ್ತಾರೆ? ಅದಕ್ಕೆ ಶುರುವಲ್ಲಿ ನನ್ನ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೂರಾರು ಫೋಟೊ ತೆಗೆದಿದ್ವಿ.

ಈಗ ಸೀರೆಗೆ ಪಿನ್ ಚುಚ್ಚೋಕೂ ಬೆರಳು ಮಡಚಲ್ಲ. ಕೊನೆಗೆ ಡಾಕ್ಟ್ರಿಗೆ ಹೇಳಿದೆ.

"ಮಿಷನ್ನಿಗೆ ತೋರಿಸಿ, ಕೆಂಪು ಬಂದ್ರೆ ನೋಡೋಣ."

ತೋರಿಸಿದೆ. ಹಸಿರು ಬಂತು. ಸಂಧಿವಾತ ಇಲ್ಲವಂತೆ!

"ಸಾರ್, ಅದು ಕಲಿತಿದ್ದೇ ಈ ಕೈ ನೋಡಿ!"

"ಅದಕ್ಕೇ ಮಾರಾಯ್ತಿ, ಇಷ್ಟು ಖಡಾಖಂಡಿತವಾಗಿ ಹೇಳ್ತಿರೋದು."

ಮೈಯೆಲ್ಲ ಉರಿದುಹೋಯ್ತು. "ಒಂದ್ಸಲ ಮುಟ್ಟಿ ನೋಡಿ ಸಾರ್" ಅಂತ ಕೈ ಚಾಚಿದೆ. ಮುಟ್ಟಿದ್ರು. ಅವರ ಮುಖ ಇಳಿದುಹೋಯ್ತು. ಟ್ಯಾಬ್ ಎಳ್ಕೊಂಡು ಅವರೇ ಕೂತ್ರು.

"ಬೆಳಿಗ್ಗೆ ಎಷ್ಟು ನಿಮಿಷ ಬಿಗಿ ಇರುತ್ತೆ?"

"ಭದ್ರಾವತಿಯಲ್ಲಿ ಎದ್ದು, ಅಡುಗೆ ಮಾಡಿಟ್ಟು, ಬಸ್ ಹತ್ತಿ, ಇಲ್ಲಿ ಬಂದು ಸೈನ್ ಹಾಕೋ ತನಕ ಸಾರ್."

ಡಾಕ್ಟ್ರು ಕ್ಯೂ ನೋಡಿದ್ರು, ಗಡಿಯಾರ ನೋಡಿದ್ರು, ಮೂವತ್ತು ನಿಮಿಷ ಅಂತ ಒತ್ತಿದ್ರು.