ಎಮ್ಮೆ ಬಿಡಿಸಿದ ಕುಸ್ತಿ

ಅನಾಹುತ ಶುರುವಾದದ್ದು ಭಜಿ ಕಟ್ಟಿದ ಕಾಗದದಿಂದ.

ನಾಗರ ಪಂಚಮಿಯ ಬೆಳಿಗ್ಗೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ, ಖಾಲಿದನ ಚಹಾ ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು ಮಾಧವರಾವ್ ಮಿರ್ಚಿ ಭಜಿ ತಿನ್ನುತ್ತ ದೇಶಕ್ಕೆ ಬುದ್ಧಿ ಹೇಳುತ್ತಿದ್ದರು. ತೊಗರಿ ದಲಾಲಿ ಅಂಗಡಿಯಲ್ಲಿ ಚೀಲ ತೂಗಿ ತೂಗಿ ಮುದುಕರಾದ ಮನುಷ್ಯ. ಈಗ ತೂಗಲು ಚೀಲವಿಲ್ಲದ್ದರಿಂದ ಲೋಕವನ್ನೇ ತೂಗುತ್ತಿದ್ದರು.

"ಈಗಿನ ರಾಜಕಾರಣ ಕುಸ್ತಿನೇ ಅಲ್ಲರಿ! ಮುಂಜಾನಿ ಒಬ್ಬರದೊಬ್ಬರು ಲಂಗೋಟ ಹಿಡಿದು ಜಗ್ಗತಾರ, ಸಂಜಿಗಿ ಒಂದೇ ತಾಲೀಮು ಮನ್ಯಾಗ ಕುಂತು ಬಾದಾಮಿ ಹಾಲು ಕುಡೀತಾರ. ಇಲೆಕ್ಷನ್ ಯಾಕ ಬೇಕ್ರಿ? ಮಾತು ಬ್ಯಾಡ, ಇಬ್ಬರಿಗೂ ಮಣ್ಣಿಗಿ ಇಳಸ್ರಿ. ಯಾರ ಬೆನ್ನಿಗಿ ಮಣ್ಣು ಹತ್ತತದ, ಅಂವ ಮನಿಗಿ!"

ಹಮಾಲರು ಹೆಗಲ ಮೇಲಿನ ಚೀಲ ಇಳಿಸಿ ತಲೆದೂಗಿದರು. ಪಕ್ಕದ ಬ್ಯಾಂಕಿನ ಮಕರಂದ ಕೈಯಲ್ಲಿದ್ದ ದಪ್ಪ ಕಾದಂಬರಿಯನ್ನು ಮುಂದೆ ಹಿಡಿದ. "ಕಾಕಾ, ಇದು ಹ್ಯಾಂಗ ಅದ ಹೇಳ್ರಿ."

ಮಾಧವರಾವ್ ಅದನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು. "ಮೈ ಅದ, ದಮ್ಮಿಲ್ಲ. ಪುಸ್ತಕ ಅಂದರ ಹತ್ತು ಪುಟದಾಗ ಓದಾವನಿಗಿ ಎತ್ತಿ ಒಗೀಬೇಕು. ಇದು ಸುಮ್ಮ ಕೈಗಿ ಕೈ ತಿಕ್ಕೋತ ಹೊತ್ತು ಕಳೀತದ."

"ಓದೀರೇನ್ರಿ?"

"ಪೈಲ್ವಾನ ಹ್ಯಾಂಗ ನಡಕೋತ ಬರ್ತಾನ ನೋಡಿದರ ಸಾಕು. ಪೂರಾ ಕುಸ್ತಿ ಯಾಕ ನೋಡಬೇಕು?"

ಇಂಥ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಗಂಜಿನ ಜನ ನಕ್ಕು ಎದ್ದು ಹೋಗುತ್ತಿದ್ದರು. ಆದರೆ ಮಾಧವರಾವ್ ಸಾಮಾನ್ಯರಲ್ಲ. ಹರೆಯದಲ್ಲಿ ಮೆಹಕರದ ಪಂಚಮಿ ಕುಸ್ತಿಯಲ್ಲಿ, ಔರಾದದ ಲಾಲ ಅಹ್ಮದ ಪೈಲ್ವಾನನ ಜೊತೆ ಹೊತ್ತು ಮುಳುಗುವವರೆಗೆ ಹಿಡಿದು, ಸೋಲು ಗೆಲುವಿಲ್ಲದೆ ಬರಾಬರಿ ಮಾಡಿಕೊಂಡು ಬಂದ ಗಂಡಸು. ಲಾಲ ಅಹ್ಮದ ಅಂದರೆ ಆಗ ಕಲ್ಲಿನ ಗಾಣ. ಅವನೊಂದಿಗೆ ಬರಾಬರಿ ಮಾಡಿದವನು ರಾಜಕಾರಣ, ಪುಸ್ತಕ, ಹವಾಮಾನ, ಯಾವುದರ ಬಗ್ಗೆ ಹೇಳಿದರೂ ಕೇಳಲೇಬೇಕಲ್ಲ!

ಆಗ ಮಕರಂದ ಭಜಿಯ ಕಾಗದವನ್ನು ಬಿಡಿಸಿ, ಎಣ್ಣೆಯ ಕಲೆಗಳ ನಡುವೆ ಓದತೊಡಗಿದ. "ಭಾಲ್ಕಿಯಲ್ಲಿ ಈ ನಾಗರ ಪಂಚಮಿಯಂದು ಕುಸ್ತಿ. ಮುಖ್ಯ ಅತಿಥಿಗಳು, ಔರಾದದ ಹಿರಿಯ ಪೈಲ್ವಾನ ಲಾಲ ಅಹ್ಮದ..."

ಮಾಧವರಾವ್ ಕಚ್ಚಿದ ಭಜಿಯನ್ನು ಬೆಂಚಿನ ಮೇಲಿಟ್ಟರು. "ಅಂವ ಇನ್ನಾ ಬದುಕಿ ಹಾನೇನು?"

"ಹಾನಂತ ಬರದಾರಲ್ಲರಿ!" ಖಾಲಿದ ಒಲೆ ಬಿಟ್ಟು ಓಡಿ ಬಂದ. "ಕಾಕಾ, ನಿಮ್ಮ ಜೋಡಿ! ಇವತ್ತ ಹೋಟೆಲ ಬಂದ್. ಎಲ್ಲಾರೂ ಭಾಲ್ಕಿಗಿ ಹೋಗಾಮು. ಆ ಕುಸ್ತಿ ಹ್ಯಾಂಗ ಆತು ಅಂಬೋದು ಇಬ್ಬರ ಬಾಯಿಂದ ಒಮ್ಮೆ ಕೇಳಬೇಕು. ತಡೀರಿ, ಮಾಧವ ಪೈಲ್ವಾನರೂ ಬರ್ತಾರಂತ ಕಮಿಟಿಯವರಿಗಿ ಫೋನ್ ಹಚ್ಚತೇನಿ."

ಮಾಧವರಾವ್ ತಡೆಯುವಷ್ಟರಲ್ಲಿ ಫೋನು ಹೋಗಿಯೂ ಆಗಿತ್ತು.

ಆ ಕುಸ್ತಿ ಹೇಗಾಯಿತು ಎಂಬುದು ಈಗ ಬದುಕಿದ್ದವರಲ್ಲಿ ಇಬ್ಬರಿಗೇ ಗೊತ್ತು. ಆಗಿನ ಪದ್ಧತಿ ಹೀಗಿತ್ತು: ಪೈಲ್ವಾನ ಒಂದು ಕೈ ಮೇಲೆತ್ತಿ ಕಣದ ಸುತ್ತ ತಿರುಗುತ್ತಾನೆ. ಯಾರು ಕೈ ಎತ್ತಿ ಅವನ ಕೈ ಹಿಡಿಯುತ್ತಾರೋ ಅವರೇ ಜೋಡಿ. ಆ ದಿನ ಲಾಲ ಅಹ್ಮದ ಸುತ್ತಿದ್ದೇ ಸುತ್ತಿದ್ದು, ಒಂದು ಕೈಯೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮಾಧವ ಹುರಿದ ಶೇಂಗಾ ಮಾರುವವನನ್ನು ಕರೆಯಲು ಕೈ ಎತ್ತಿದ. ಲಾಲ ಅಹ್ಮದ ಆ ಕೈಯನ್ನು ಹಿಡಿದ. ಹಲಗಿ ಬಾರಿಸಿದರು. ಯಾರದೋ ಲಂಗೋಟ ತಂದು ಕಟ್ಟಿ ಮಾಧವನನ್ನು ಕಣಕ್ಕೆ ತಳ್ಳಿದರು. ಇಬ್ಬರೂ ಮಣ್ಣು ಹಣೆಗೆ ಹಚ್ಚಿಕೊಂಡರು. ಇನ್ನೇನು ಕೈಗೆ ಕೈ ತಾಗಬೇಕು, ಹಲಗಿಯ ಸಪ್ಪಳಕ್ಕೆ ಬೆದರಿದ ಎಮ್ಮೆಯೊಂದು ಹಗ್ಗ ಹರಿದುಕೊಂಡು ಕಣದೊಳಗೆ ನುಗ್ಗಿತು. ಧೂಳು, ಕೂಗಾಟ, ಕಾಲ್ತುಳಿತ. ಜನ ಮತ್ತೆ ಕೂಡುವಷ್ಟರಲ್ಲಿ ಕತ್ತಲಾಗಿತ್ತು. ಪಂಚರು ಬೇಸತ್ತು "ಬರಾಬರಿ" ಎಂದು ಸಾರಿ, ಗೆದ್ದವನಿಗೆ ಕೊಡಬೇಕಿದ್ದ ಬೆಳ್ಳಿ ಕಡಗವನ್ನು ವಾಪಸು ಕಟ್ಟಿಟ್ಟರು. ಧೂಳಿನಲ್ಲಿ ಏನೂ ಕಾಣದೆ ಓಡಿಹೋದವರು ಕೇಳಿದ್ದು ಆ ಒಂದು ಮಾತು ಮಾತ್ರ. ಉಳಿದದ್ದನ್ನೆಲ್ಲ ಮಾಧವರಾವ್ ಖಾಲಿದನ ಬೆಂಚಿನ ಮೇಲೆ ಕೂತು ವರ್ಷವರ್ಷವೂ ಬೆಳೆಸಿಕೊಂಡು ಬಂದಿದ್ದರು.

ಇವತ್ತು ಲಾಲ ಅಹ್ಮದ ಬಾಯಿ ಬಿಟ್ಟು "ಎಮ್ಮೆ" ಅಂದರೆ ಮುಗಿಯಿತು. ನಾಳೆಯಿಂದ ಮಾಧವರಾವ್ ಅವರ ಅಭಿಪ್ರಾಯವನ್ನು ಗಂಜಿನ ಕುರಿಯೂ ಕೇಳುವುದಿಲ್ಲ.

"ಅಂಗಿ ಬದಲಿಸಿ ಬರ್ತೇನಿ," ಎಂದು ಮನೆಗೆ ಓಡಿದರು. ಹೆಂಡತಿ ಪ್ರಮಿಲಾಬಾಯಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು.

"ಈ ಶೇಂಗಾ ಉಂಡಿ ಒಯ್ಯರಿ," ಎಂದು ಗಂಟೊಂದನ್ನು ಕೈಗೆ ತುರುಕಿದಳು. "ನಿಮಗ ಬರಾಬರಿ ನಿಂತವರು ಅಂದಮ್ಯಾಲ ಲಾಲ ಅಹ್ಮದ ನನಗ ಅಣ್ಣ ಇದ್ದಂಗ. ಪಂಚಮಿ ಉಂಡಿ ಅಣ್ಣಗ ಮುಟ್ಟಬೇಕು. ದಾರ್ಯಾಗ ನೀವೇ ತಿಂದಗಿಂದೀರಿ!"

ಮಾಧವರಾವ್ ಹಿತ್ತಲ ಬಾಗಿಲಿನಿಂದ ಹೊರಬಿದ್ದು ನೇರ ಬಸ್ ಸ್ಟ್ಯಾಂಡಿಗೆ ಹೋದರು. ಔರಾದದ ಬಸ್ಸು ಗುರ್‌ಗುಟ್ಟುತ್ತ ನಿಂತಿತ್ತು. ಅವರ ತಲೆ ಚುರುಕಾಯಿತು. ಲಾಲ ಅಹ್ಮದ ಇಷ್ಟೊತ್ತಿಗೆ ಭಾಲ್ಕಿಯಲ್ಲಿರುತ್ತಾನೆ. ಅಂದಮೇಲೆ ಲಾಲ ಅಹ್ಮದ ಇಲ್ಲದ ಊರು ಭೂಮಿಯ ಮೇಲೆ ಒಂದೇ, ಔರಾದ! ಹಾರಿ ಹತ್ತಿದರು.

ಕಿಟಕಿಯಾಚೆ ಹೆಸರು, ಉದ್ದು, ತೊಗರಿಯ ಹಸಿರು ಓಡುತ್ತಿತ್ತು. ಮಾಧವರಾವ್ ಅವರಿಗೆ ಹಳೆಯ ತಾಲೀಮು, ಆ ಗರಡಿ ಮನೆ ನೆನಪಾಯಿತು. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆರಸ ಸುರಿದು ನಾದುತ್ತಿದ್ದರು. ಮದುವೆ ಮನೆಯ ಹಿಟ್ಟಿಗೂ ಅಷ್ಟು ಆರೈಕೆ ಇರಲಿಲ್ಲ. ಆ ಮಣ್ಣಿನ ವಾಸನೆಗೇ ಹಸಿವಾಗುತ್ತಿತ್ತು. ಮಾಧವ ಅಲ್ಲಿಗೆ ದಿನಾಲೂ ಹೋಗುತ್ತಿದ್ದ, ನಿಜ. ಆದರೆ ಮಣ್ಣು ನಾದಿ, ಉಸ್ತಾದರ ಕಾಲೊತ್ತಿ, ಬಾದಾಮಿ ಅರೆದು ಕೊಡುವುದರಲ್ಲೇ ಅವನ ಕುಸ್ತಿ ಮುಗಿಯುತ್ತಿತ್ತು. ಉಸ್ತಾದರು ಒಮ್ಮೆಯೂ ಕಣಕ್ಕೆ ಇಳಿಸಲಿಲ್ಲ. ಇಳಿಸಿದ್ದು ಶೇಂಗಾ ಮಾರುವವನು.

ಔರಾದದ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬ ಮುದುಕ ಕೂತಿದ್ದ. ಚಳಿಗಾಲದಲ್ಲೂ ಯಾರೂ ಸುತ್ತಿಕೊಳ್ಳದ ಹಾಗೆ ಮುಖಕ್ಕೆ ಶಾಲು ಸುತ್ತಿಕೊಂಡು, ಎರಡು ಕಣ್ಣು ಮಾತ್ರ ಬಿಟ್ಟುಕೊಂಡಿದ್ದ. ಮಾಧವರಾವ್ ಪಕ್ಕದಲ್ಲಿ ಕೂತರು.

"ಎಲ್ಲಿಗಿ ಹೊಂಟೀರಿ ಭಾಯಿ?" ಮುದುಕ ಕೇಳಿದ.

"ಎಲ್ಲಿಗಿಲ್ಲರಿ. ಸಂಜಿ ತನಾ ಕುಂದರಬೇಕು. ನೀವು?"

"ತೆಲಂಗಾಣ ಕಡಿ ಮೊದಲು ಬರೋ ಬಸ್ಸಿಗಿ. ಊರಾಗ ಒಬ್ಬರ ಕಾಟ ಅದ."

ಮಾಧವರಾವ್ ಗಂಟು ಬಿಚ್ಚಿ ಉಂಡಿ ಕೊಟ್ಟರು. ಮುದುಕ ಶಾಲಿನೊಳಗಿನಿಂದಲೇ ತಿಂದ. "ವಾಹ್! ಎಂಥಾ ಕೈ! ಮನ್ಯಾಗಿನವರಿಗಿ ಸಲಾಮ ಹೇಳ್ರಿ." ಒಂದು ಉಂಡಿ ಎರಡಾಯಿತು, ಎರಡು ನಾಲ್ಕಾಯಿತು. ಮಾತು ಮಳೆಯಿಂದ ರಾಜಕಾರಣಕ್ಕೆ, ರಾಜಕಾರಣದಿಂದ ಕುಸ್ತಿಗೆ ಬಂತು. ಈಗಿನ ಪೈಲ್ವಾನರು ಗಾದಿಯ ಮೇಲೆ ಹೊರಳಾಡುತ್ತಾರೆ, ಮಣ್ಣು ಮುಟ್ಟದ ಕುಸ್ತಿ ಉಪ್ಪಿಲ್ಲದ ಅಂಬಲಿ ಎಂದು ಇಬ್ಬರೂ ಒಪ್ಪಿದರು. ಪರ ಊರು, ಗುರುತಿಲ್ಲದ ಮನುಷ್ಯ. ಮಾಧವರಾವ್ ಅವರ ನಾಲಿಗೆ ತಡೆಯಲಿಲ್ಲ.

"ನಾ ಬೀದರದ ಮಾಧವ. ಮೆಹಕರದಾಗ ನಿಮ್ಮೂರ ಲಾಲ ಅಹ್ಮದನ ಜೋಡಿ ಬರಾಬರಿ ಮಾಡಿದಾಂವ."

ಮುದುಕನ ಕೈಯಲ್ಲಿದ್ದ ಉಂಡಿ ಬಾಯಿಯ ಹತ್ತಿರವೇ ನಿಂತಿತು. "ಹೌದಾ! ಹ್ಯಾಂಗ ನಡೀತು ಕುಸ್ತಿ?"

"ಏನ ಹೇಳಲಿ! ಜ್ವಾಳದ ಚೀಲ ಎತ್ತಿದಂಗ ಎತ್ತಿದ್ದೆ. ಅವನ ಬೆವರಿಗಿ ಕಣದಾಗ ಕೆಸರಾಗಿತ್ತು."

"ಅಚ್ಛಾ?" ಮುದುಕ ಕೆಮ್ಮಿದ. "ನಾ ಕೇಳಿದ್ದು ಬ್ಯಾರೆ ಅದರಿ. ಬೀದರದಾಂವ ಎರಡು ಸಲ 'ಬಿಡಪ್ಪಾ ಬಿಡು' ಅಂತ ಅತ್ತನಂತ. ಪಾಪ ಅಂತ ಬರಾಬರಿ ಬಿಟ್ಟಾರಂತ."

"ಯಾವ ಸುಳ್ಳ ನನ್ಮಗ ಹೇಳ್ಯಾನ?" ಮಾಧವರಾವ್ ಸಿಡಿದೆದ್ದರು.

ಅಷ್ಟರಲ್ಲಿ ಜೀಪೊಂದು ಕಿರ್ರೆಂದು ಬಂದು ನಿಂತಿತು. ಭಾಲ್ಕಿ ಕುಸ್ತಿ ಕಮಿಟಿಯ ಆತೀಫ ಬಾಗಿಲು ತೆರೆದು ಜಿಗಿದ. "ಲಾಲ ಅಹ್ಮದ ಚಾಚಾ! ಮನ್ಯಾಗಿಲ್ಲ, ಮಸೀದ್ಯಾಗಿಲ್ಲ, ಇಲ್ಲಿ ಕುಂತೀರಿ! ಅಲ್ಲಿ ಮಂದಿ ಕಾಯಲಿಕ್ಕತ್ತದ!"

ಶಾಲು ಮೆಲ್ಲಗೆ ಕೆಳಗಿಳಿಯಿತು. ಮಾಧವರಾವ್ ಆ ಕಿವಿಗಳನ್ನು ನೋಡಿದರು. ಪೈಲ್ವಾನರ ಕಿವಿ, ಹುರಿದ ಹಪ್ಪಳದಂತೆ ಮುದುಡಿದ್ದವು.

"ಇವರು ಯಾರ್ರಿ ಚಾಚಾ?"

ಲಾಲ ಅಹ್ಮದ ಮಾಧವರಾವ್ ಅವರ ಮಣಿಕಟ್ಟನ್ನು ಗಪ್ಪನೆ ಹಿಡಿದ. ಮೆಹಕರದಲ್ಲಿ ಹಿಡಿದ ಹಾಗೆಯೇ. "ಇವರಾ? ಬೀದರದ ಮಾಧವ ಪೈಲ್ವಾನ. ನನ್ನ ಜೋಡಿ. ಇವರಿಗಿ ಬಿಟ್ಟು ನಾ ಒಬ್ಬನೇ ಹ್ಯಾಂಗ ಬರಲಿ?"

"ಯಾ ಅಲ್ಲಾ! ನಿಮಗ ಕರಕೊಂಡು ಹೋಗಲಿಕ್ಕಿ ತಾವೇ ಬಂದಾರ!" ಆತೀಫನ ಕಣ್ಣು ತುಂಬಿತು. ಇಬ್ಬರನ್ನೂ ಜೀಪಿನ ಹಿಂದೆ ತೂರಿಸಿದ.

ಜೀಪು ಭಾಲ್ಕಿಯ ದಾರಿ ಹಿಡಿಯಿತು. ಒಂದು ಗುಂಡಿಗೆ ಜೀಪು ಎಗರಿ ಇಬ್ಬರ ತಲೆಯೂ ಒಂದಕ್ಕೊಂದು ಬಡಿದಾಗ ಲಾಲ ಅಹ್ಮದ ಪಿಸುಗುಟ್ಟಿದ. "ನೀವು ಬರ್ತೀರಂತ ಕೇಳೇ ನಾ ಓಡಿ ಹೊಂಟಿದ್ದೆ. ಎಮ್ಮಿ ಸುದ್ದಿ ತೆಗೀಬ್ಯಾಡ್ರಿ. ಔರಾದದಾಗ ನಾ ಬಾಳ ಹೇಳಕೊಂಡೀನಿ."

"ನಿಮಗ್ಯಾಕ ಬೇಕಿತ್ತರಿ? ನೀವು ಖರೇ ಪೈಲ್ವಾನರು, ನೂರು ಕುಸ್ತಿ ಗೆದ್ದವರು!"

"ಗೆದ್ದದ್ದು ಮಂದಿ ಮರೀತಾರ ಭಾಯಿ. ತಾಲೀಮು ಬಿದ್ದು ಹೋದವು, ಸಂಗಡ ಹಿಡಿದವರು ಹೋದರು. ಯಾರಿಗಿ ಸೋಲಿಸಿದೆ ಅಂತ ಹೇಳಲಿ? ಈ ಬರಾಬರಿ ಒಂದೇ ಈಗೂ ಕೇಳ್ತಾರ, 'ಚಾಚಾ, ಯಾರು ಗೆಲ್ಲುತಿದ್ದರು?' ಅಂತ."

ಮಾಧವರಾವ್ ಉಳಿದ ಉಂಡಿಯ ಗಂಟನ್ನು ಅವನ ತೊಡೆಯ ಮೇಲಿಟ್ಟರು. "ನಮ್ಮ ಮನ್ಯಾಗಿನಾಕಿ ಕೊಟ್ಟದ್ದು. ಅಣ್ಣಗ ಅಂತ."

ಭಾಲ್ಕಿಯ ಕಣದ ಸುತ್ತ ಇರುವೆ ನುಗ್ಗಲೂ ಸಂದಿಲ್ಲ. ಇಬ್ಬರೂ ಕೈಕೈ ಹಿಡಿದು ಇಳಿದದ್ದೇ ಹಲಗಿ ಗುಡುಗಿತು. ಕಾಕಾ ಮುಂದೆ ಹೋಗಿರಬೇಕು ಎಂದುಕೊಂಡು ಖಾಲಿದ, ಮಕರಂದ, ಗಂಜಿನ ಹಮಾಲರು ಎಲ್ಲ ಮೊದಲೇ ಬಂದು ಕೂತಿದ್ದರು. ಮಾಲೆ ಬಿತ್ತು, ಪೇಟ ಬಂತು. ಲಾಲ ಅಹ್ಮದ ಮೈಕಿನ ಮುಂದೆ "ಮಾಧವ ಪೈಲ್ವಾನ ಅಂದರ ಬಂಡಿಗಲ್ಲು," ಅಂದ. ಮಾಧವರಾವ್ "ಲಾಲ ಅಹ್ಮದ ಅಂದರ ಕೋಟೆ ಗ್ವಾಡಿ," ಅಂದರು. ಎಮ್ಮೆಯ ಹೆಸರಿಲ್ಲ. ಮಾನ ಉಳಿಯಿತು ಎಂದು ಮಾಧವರಾವ್ ಉಸಿರು ಬಿಡುವಷ್ಟರಲ್ಲಿ ಮೆಹಕರದ ಸಾರಂಗ ಪಾಟೀಲ ಎದ್ದು ನಿಂತ. ಕೈಯಲ್ಲಿ ಕೆಂಪು ಬಟ್ಟೆಯ ಗಂಟು.

"ಬರಾಬರಿ ಕುಸ್ತಿದ ಕಡಗ ಯಾರಿಗೂ ಸೇರಂಗಿಲ್ಲ. ಅದೇ ಜೋಡಿ ಮತ್ತ ಹಿಡಿದು ಫೈಸಲಾ ಆಗೋ ತನಾ ಪಂಚರ ಮನ್ಯಾಗ ಇರಬೇಕು. ಆಗ ಪಂಚ ಆಗಿದ್ದ ನಮ್ಮಪ್ಪ ಇದಕ್ಕ ದೇವರ ಜಗಲಿ ಮ್ಯಾಲ ಇಟ್ಟು, ಸಾಯೋ ಮುಂದ ನನ್ನ ಕೈಯಾಗ ಕೊಟ್ಟು ಹೋದ. ಇವತ್ತ ಜೋಡಿ ಕೂಡ್ಯದ. ನಮ್ಮ ಮನಿ ಋಣ ಹರೀಲಿ!"

ಬಟ್ಟೆ ಬಿಚ್ಚಿದ. ಬೆಳ್ಳಿ ಕಡಗ ಹೊಳೆಯಿತು. ಜನ ಹುಯ್ಯೆಂದರು.

"ಅಯ್ಯೋ, ಹುಡುಗಾಟ ಏನ್ರಿ? ನಮಗ ವಯಸ್ಸಾತು," ಎಂದು ಮಾಧವರಾವ್ ಶುರು ಮಾಡಿದರು. "ಕುಂತು ನಾಕು ಮಾತಾಡಿ..."

"ಮಾತು ಬ್ಯಾಡ!" ಖಾಲಿದ ಬೆಂಚಿನ ಮೇಲೆ ಹತ್ತಿ ಕೂಗಿದ. "ಕಾಕಾನೇ ಹೇಳ್ತಾರ, ಇಬ್ಬರಿಗೂ ಮಣ್ಣಿಗಿ ಇಳಸ್ರಿ! ಯಾರ ಬೆನ್ನಿಗಿ ಮಣ್ಣು ಹತ್ತತದ, ಅಂವ ಮನಿಗಿ!"

ಇಡೀ ಗಂಜು ಅದನ್ನೇ ಕೂಗಿತು. ಮಾಧವರಾವ್ ಅವರ ಅಭಿಪ್ರಾಯಕ್ಕೆ ಅಷ್ಟು ಬೆಲೆ ಅದುವರೆಗೆ ಸಿಕ್ಕಿರಲಿಲ್ಲ.

ಅಂಗಿ ಬಿಚ್ಚಿಸಿ, ಧೋತರ ಬಿಗಿದು, ಇಬ್ಬರನ್ನೂ ಕಣಕ್ಕೆ ಇಳಿಸಿದರು. ಒಬ್ಬರ ಎದೆಗೂಡು ಬಿಸಿಲಿಗಿಟ್ಟ ಬುಟ್ಟಿಯಂತೆ, ಇನ್ನೊಬ್ಬರ ಹೊಟ್ಟೆ ಬುಟ್ಟಿಯೊಳಗಿನ ಹಲಸಿನಂತೆ. ಇಬ್ಬರೂ ಮಣ್ಣು ಹಣೆಗೆ ಹಚ್ಚಿಕೊಂಡರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಬಗ್ಗಿ ನಿಂತರು. ನೋಡುವವರಿಗೆ ಅದು ಪಟ್ಟು. ಅವರಿಗೆ ಅದು ಊರುಗೋಲು.

"ಎಮ್ಮಿ ಬರ್ತದೇನ್ರಿ?" ಲಾಲ ಅಹ್ಮದ ಪಿಸುಗುಟ್ಟಿದ.

"ಕಾಣವಲ್ದು," ಮಾಧವರಾವ್ ಕಣದಾಚೆ ನೋಡಿ ಹೇಳಿದರು.

ಒಂದು ಸುತ್ತು ತಿರುಗಿದರು. ಎಮ್ಮೆ ಬರಲಿಲ್ಲ. ಮಾಧವರಾವ್ ಅವರ ತಲೆ ಮತ್ತೆ ಚುರುಕಾಯಿತು. ನಾನೇ ಬಿದ್ದುಬಿಟ್ಟರೆ? ಲಾಲ ಅಹ್ಮದನ ಕೈಯಲ್ಲಿ ಸೋತರೆ ಅವಮಾನವೇನಲ್ಲ. ಕಡಗ ಅವನಿಗೆ, ಬೆಂಚು ನನಗೆ. ಪಾಪ, ಅವನಿಗೂ ಒಂದು ಹೇಳಿಕೊಳ್ಳುವ ಗೆಲುವು ಸಿಕ್ಕಂತಾಯಿತು. "ಹಾ!" ಎಂದು ಕೂಗಿ, ಯಾರೋ ಎತ್ತಿ ಒಗೆದವರಂತೆ ಹಿಂದಕ್ಕೆ ಧೊಪ್ಪನೆ ಬಿದ್ದರು.

ಧೊಪ್ಪೆನ್ನುವ ಸಪ್ಪಳ ಎರಡು ಸಲ ಕೇಳಿಸಿತು.

ಹೊರಳಿ ನೋಡಿದರೆ ಪಕ್ಕದಲ್ಲೇ ಲಾಲ ಅಹ್ಮದ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

"ನೀವ್ಯಾಕ ಬಿದ್ದಿರಿ?" ಮಾಧವರಾವ್ ಹಲ್ಲು ಕಡಿದರು.

"ಉಂಡಿ ತಿಂದೀನಲ್ಲ ಭಾಯಿ. ಅಣ್ಣ ಅಂದಳಲ್ಲ ಅಕಿ. ತಂಗಿ ಗಂಡಗ ಹ್ಯಾಂಗ ಕೆಡವಲಿ?"

ಪಂಚರು ಬಗ್ಗಿ ಇಬ್ಬರ ಬೆನ್ನನ್ನೂ ನೋಡಿದರು. ಇಬ್ಬರಿಗೂ ಮಣ್ಣು ಹತ್ತಿತ್ತು, ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ.

"ಬರಾಬರಿ!"

ಜನ ಕುಣಿದರು. ಮಣ್ಣಿನಲ್ಲಿ ಬಿದ್ದಲ್ಲೇ ಮಾಧವರಾವ್ ಒಮ್ಮೆ ಉಸಿರೆಳೆದುಕೊಂಡರು. ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆ. ಅದೇ ವಾಸನೆ. ಹರೆಯದಲ್ಲಿ ಒಂದು ಸಲವೂ ಬೆನ್ನಿಗೆ ಹತ್ತದ ಮಣ್ಣು ಈಗ ಹತ್ತಿತ್ತು. ಏಳಲು ಮನಸ್ಸಾಗಲಿಲ್ಲ, ಏಳಲು ಆಗಲೂ ಇಲ್ಲ. ಹಮಾಲರೇ ತೊಗರಿ ಚೀಲದಂತೆ ಎತ್ತಿ ನಿಲ್ಲಿಸಿದರು.

ಸಾರಂಗ ಪಾಟೀಲ ಕಡಗವನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಕಟ್ಟಿದ. "ಬರೋ ಪಂಚಮಿಗಿ. ತಯಾರಿ ಮಾಡಕೊಂಡು ಬರ್ರಿ."

ಬೀದರಿಗೆ ವಾಪಸು ಹೋಗುವಾಗ ಬಾಡಿಗೆ ಜೀಪಿನಲ್ಲಿ ಮಕರಂದ ಯಾವುದೋ ಮಂತ್ರಿಯ ಮಾತು ತೆಗೆದ. ಮಾಧವರಾವ್ ಸೊಂಟ ಹಿಡಿದುಕೊಂಡೇ ನೆಟ್ಟಗಾದರು. "ನನ್ನ ಕೇಳಿದರ, ಈಗಿನ ರಾಜಕಾರಣ..."

"ಮಾತಾಡಬ್ಯಾಡ್ರಿ ಕಾಕಾ!" ಖಾಲಿದ ಅವರ ಬಾಯಿಗೆ ಕೈ ಅಡ್ಡ ಹಿಡಿದ. "ದಮ್ಮು ಹೋಗ್ತದ. ಈ ಸಲ ದಮ್ಮು ಕಮ್ಮಿ ಬಿದ್ದೇ ಗೆಲುವು ತಪ್ಪಿತು. ಬರೋ ಪಂಚಮಿ ತನಾ ನೀವು ಬೆಂಚಿನ ಮ್ಯಾಲ ಬಾಯಿ ಬಿಡಂಗಿಲ್ಲ. ಭಜಿ ಬಂದ್, ಚಾ ಬಂದ್. ಮುಂಜಾನಿ ನನ್ನ ಹೋಟೆಲ ಮುಂದ ಬಸ್ಕಿ ಹೊಡೀಬೇಕು. ಗಂಜಿನವರೆಲ್ಲಾ ಮುಂದ ನಿಂತು ಹೊಡಸ್ತೇವ್ರಿ."

"ಹೌದ್ರಿ," ಅಂದರು ಹಮಾಲರು ಒಕ್ಕೊರಲಿನಿಂದ.

ಮಾಧವರಾವ್ ಬಾಯಿ ಮುಚ್ಚಿ ಕಿಟಕಿಗೆ ತಲೆ ಆನಿಸಿದರು. ರಸ್ತೆಯ ಪಕ್ಕ ಒಂದು ಎಮ್ಮೆ ನಿಂತು, ಲೋಕದ ಪರಿವೆಯಿಲ್ಲದೆ ಮೆಲುಕು ಹಾಕುತ್ತಿತ್ತು. ಅವರು ಯಾರಿಗೂ ಕಾಣದಂತೆ ಅದಕ್ಕೆ ಕೈ ಮುಗಿದರು.

"ಬರೋ ವರ್ಷರೇ ಸರಿಯಾದ ಹೊತ್ತಿಗಿ ಬಾರವ್ವಾ."