ಅಂಜನಮೂರ್ತಿಯ ಹರಕೆ ಕಾಯಿ

ಅಂಜನಮೂರ್ತಿಯ ಸೂಟ್‌ಕೇಸಿನಲ್ಲಿ ಜುಟ್ಟು ಬಿಟ್ಟು ಸುಲಿದ, ಅರಿಶಿನ ಕುಂಕುಮ ಹಚ್ಚಿದ ಒಂದು ತೆಂಗಿನಕಾಯಿ ಇತ್ತು. ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಯವರು ಹೊಸ ಮಿಷನ್ ಕಲಿತು ಬಾ ಎಂದು ಅವನನ್ನು ಮ್ಯಾನೇಜರ್ ಗುರುಪ್ರಕಾಶರ ಜೊತೆ ಫ್ರಾನ್ಸಿನ ಒಂದು ಬಂದರು ಊರಿಗೆ ಕಳಿಸಿದಾಗ, ಹೆಬ್ಬೂರಿನಿಂದ ಬಂದ ತಾಯಿ ಚಿಕ್ಕಗಂಗಮ್ಮ ಅಂಗಿಗಳ ನಡುವೆ ಅದನ್ನು ಮಗು ಮಲಗಿಸಿದ ಹಾಗೆ ಮಲಗಿಸಿದ್ದಳು.

"ನೀನು ಸೂಪರ್‌ವೈಸರ್ ಆಗ್ಲಿ ಅಂತ ಹರಸ್ಕೊಂಡಿದೀನಿ ಕಣ್ಲಾ. ಸಮುದ್ರ ಕಂಡ ತಕ್ಷಣ ಗಂಗಮ್ಮಂಗೆ ಕಾಯಿ ಬುಟ್ಟು ಬಾ."

ಕಾಲಿಗೆ ಗುಬ್ಬಿಯ ಭಾವಮೈದ ರವಿಕಿರಣ್ ತನ್ನ ಮದುವೆಯ ಶೂ ಕೊಟ್ಟಿದ್ದ. "ಭಾವ, ನೀವು ಹೆಂಗಾದ್ರೂ ಬನ್ನಿ, ಶೂ ಮಾತ್ರ ನೀಟಾಗಿ ಬರ್ಬೇಕು."

ವಾರವೆಲ್ಲ ಮಿಷನ್ ಮುಂದೆಯೇ ಕಳೆಯಿತು. ಕೊನೆಯ ದಿನ ಆ ಕಂಪನಿಯವರು ಇಬ್ಬರನ್ನೂ ಮ್ಯೂಸಿಯಮ್ಮಿಗೆ ಕರೆತಂದು ಬಿಟ್ಟರು. ಸಮುದ್ರದ ಅಂಚಿನಲ್ಲೇ ಮ್ಯೂಸಿಯಂ, ಪಕ್ಕದಲ್ಲಿ ಹಳೇ ಕೋಟೆ, ಎರಡಕ್ಕೂ ನಡುವೆ ಒಂದು ಸಪೂರ ಸೇತುವೆ. ನೀರು ಕಂಡದ್ದೇ ಅಂಜನಮೂರ್ತಿ, ಕಾಯಿ ಹಾಕಿಕೊಂಡು ಬಂದಿದ್ದ ಹೆಗಲ ಬ್ಯಾಗಿಗೆ ಕೈ ಹಾಕಿದ.

"ಎಸೀರಿ ನೋಡೋಣ," ಎಂದರು ಗುರುಪ್ರಕಾಶ್. "ದಂಡ ಹಾಕಿದ್ರೆ ನಿಮ್ ತಾಯೀನೇ ಕರ್ಸಿ ಕಟ್ಟಿಸ್ತೀನಿ. ನಿಮ್ ಪ್ರಮೋಷನ್ ಫೈಲು ಇನ್ನೂ ನನ್ ಟೇಬಲ್ ಮೇಲಿದೆ, ನೆನಪಿರ್ಲಿ."

ಕಾಯಿ ಬಿಡದಿದ್ದರೆ ದೇವರು ಸೂಪರ್‌ವೈಸರ್ ಮಾಡುವುದಿಲ್ಲ, ಬಿಟ್ಟರೆ ಗುರುಪ್ರಕಾಶ್ ಮಾಡುವುದಿಲ್ಲ. ಅಂಜನಮೂರ್ತಿ ಬರಿಗೈ ಹೊರಗೆ ತೆಗೆದ.

ಬಾಗಿಲಲ್ಲಿ ಗಾರ್ಡು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಕುಲುಕಿತು. ಅವನ ಮುಖ ಕರೆಂಟು ಹೋದ ಮನೆಯಂತಾಯಿತು. ಅಂಜನಮೂರ್ತಿ ಎಳನೀರು ಕುಡಿಯುವಂತೆ ಕತ್ತೆತ್ತಿ ತೋರಿಸಿದ ಮೇಲೆ ನಕ್ಕು ಒಳಗೆ ಬಿಟ್ಟ. ಅಷ್ಟರಲ್ಲಿ ಗುರುಪ್ರಕಾಶ್, ಬೇರೆ ಬಸ್ಸಿನಲ್ಲಿ ಬಂದವರಂತೆ ಮುಂದೆ ನಡೆದಿದ್ದರು.

ಒಳಗೆ ನೇಗಿಲು, ಮೊರ, ಬೀಸುವ ಕಲ್ಲು, ಎತ್ತಿನ ಗಂಟೆ.

"ಇದ್ನ ನೋಡೋಕೆ ವಿಮಾನ ಹತ್ತುದ್ವಾ ಸಾರ್? ನಮ್ ಅಟ್ಟದ ಮೇಲೇ ಬಿದ್ದವೆ."

"ಮೆಡಿಟರೇನಿಯನ್ ಕಲ್ಚರ್ ರೀ ಇದು. ಸುಮ್ನೆ ನೋಡಿ," ಎಂದು ಗುರುಪ್ರಕಾಶ್ ಕಾಫಿ ಹುಡುಕಿಕೊಂಡು ಹೋದರು.

ಮುಂದಿನ ಕೋಣೆಯಲ್ಲಿ ಅಂಜನಮೂರ್ತಿಯ ಕಾಲು ತಾನಾಗೇ ನಿಂತಿತು. ಗಾಜಿನ ಹಿಂದೆ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು. ಮೇಲೆ ಪುಟ್ಟ ಪುಟ್ಟ ದೋಣಿಗಳು ತೂಗುತ್ತಿದ್ದವು. ಕಣ್ಣು ವಾಸಿಯಾದರೆ ಕಣ್ಣು, ಕಾಲು ವಾಸಿಯಾದರೆ ಕಾಲು. ದೋಣಿ ಯಾಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಊರಿಗೆ ಫೋನ್ ಮಾಡಿದ.

"ಅವ್ವ, ಇಲ್ಲೂ ಹರಕೆ ಒಪ್ಪಿಸ್ತಾರೆ ಕಣವ್ವ. ನೀರಿಂದ ಉಳ್ದು ಬಂದೋರು ದೋಣಿ ಮಾಡ್ಸಿ ಇಟ್ಟವ್ರೆ."

"ಹಂಗಾರೆ ಅಲ್ಲೇ ಇಡ್ಲಾ. ನೀರಿನ ತಾಯಿ ಎಲ್ಲಾ ಕಡೆ ಒಬ್ಳೇ. ಮೊದ್ಲು ಜೋಡು ಬುಡು."

ಅವನು ಶೂ ಬಿಟ್ಟ, ಗಾಜಿನ ಕೆಳಗೆ ಕಾಯಿ ಇಟ್ಟ, ಕಣ್ಣು ಮುಚ್ಚಿ ಕೈ ಮುಗಿದ. ಮೂರು ಸುತ್ತು ಬರೋಣವೆಂದು ಗೋಡೆಯ ಹಿಂದೆ ಹೋದ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬೇರೊಬ್ಬ ಗಾರ್ಡು, ವಾರಸುದಾರರಿಲ್ಲದೆ ನೆಲದ ಮೇಲೆ ಕೂತಿದ್ದ ಜುಟ್ಟಿನ ವಸ್ತುವನ್ನು ಕಂಡು ಗುಂಡಿ ಒತ್ತಿದ್ದ.

ಅಲಾರಂ ಕೂಗಿತು. ಸೇತುವೆ ದಾಟಿಸಿ ಎಲ್ಲರನ್ನೂ ಕೋಟೆಯ ಅಂಗಳಕ್ಕೆ ಅಟ್ಟಿದರು. ಬಿಸಿಲಿಗೆ ಕಾದ ಕಲ್ಲು ದೋಸೆ ಹೆಂಚಿನಂತಿತ್ತು. ಅಂಜನಮೂರ್ತಿ ಬರಿಗಾಲಲ್ಲಿ ಒಂದು ಕಾಲು ಎತ್ತಿ ಒಂದು ಇಳಿಸುತ್ತ ನಿಂತ. ಕೈಯಲ್ಲಿ ಕಾಫಿ ಲೋಟ ಹಿಡಿದ ಗುರುಪ್ರಕಾಶ್ ಅವನ ಪಾದ ನೋಡಿದರು.

"ನೀವಾ?"

"ಕಾಯಿ ಸಾರ್."

"ನಿಮ್ದು ನನ್ದು ಪರಿಚಯ ಇಲ್ಲ. ಅಷ್ಟೇ."

ಆಗ ಮ್ಯೂಸಿಯಮ್ಮಿನ ಹೆಂಗಸೊಬ್ಬಳು ಒಂದು ತಟ್ಟೆಯಲ್ಲಿ ಕಾಯಿಯನ್ನೂ ಶೂಗಳನ್ನೂ ಜೋಡಿಸಿಕೊಂಡು, ಮುಖವರಳಿಸಿ ಬಂದಳು. ಇದ್ದ ಇಬ್ಬರು ಇಂಡಿಯಾದವರ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವಳು ಬೈಯುತ್ತಿಲ್ಲ ಎಂಬುದು ಖಾತ್ರಿಯಾದದ್ದೇ ಗುರುಪ್ರಕಾಶ್ ಅರ್ಧ ಹೆಜ್ಜೆ ಮುಂದೆ ಬಂದರು, ಎದೆ ಮುಟ್ಟಿಕೊಂಡು ಬಹಳ ಹೊತ್ತು ಮಾತಾಡಿದರು. ಅದರಲ್ಲಿ ಅಂಜನಮೂರ್ತಿಗೆ ತಿಳಿದದ್ದು 'ಪ್ರಮೋಷನ್' ಒಂದೇ. ಸಾಹೇಬರು ನನ್ನ ಪರವಾಗಿ ಹೇಳ್ತಿದ್ದಾರೆ ಎಂದು ಅವನ ಕಣ್ಣು ಒದ್ದೆಯಾಯಿತು.

"ಸಾರ್, ಶೂ ನಮ್ ಭಾವಮೈದುಂದು."

"ಸುಮ್ನಿರ್ರಿ. ಶೂನೂ ಹರಕೆ ಅಂದ್ಕೊಂಡವ್ಳೆ. ಹಂಗೇ ಇರ್ಲಿ, ಕೇಸ್ ತಪ್ತು."

ಅವಳು ಎಲ್ಲವನ್ನೂ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮುಂದೆ ಗುರುಪ್ರಕಾಶರ ಹೆಸರಿನ ಚೀಟಿ ನಿಲ್ಲಿಸಿದಳು. ಗುರುಪ್ರಕಾಶ್ ಅದರ ಪಕ್ಕ ನಿಂತು ನಕ್ಕರು. ಫೋಟೋ ತೆಗೆದವನು ಅಂಜನಮೂರ್ತಿ.

ಅವನು ಹೋಟೆಲಿನ ಬಿಳಿ ಚಪ್ಪಲಿಯಲ್ಲಿ ತುಮಕೂರಿಗೆ ಬಂದಿಳಿದ.

ಮುಂದಿನ ತಿಂಗಳು ಗುರುಪ್ರಕಾಶ್ ಜನರಲ್ ಮ್ಯಾನೇಜರ್ ಆದರು. ಹೊಸ ಮ್ಯಾನೇಜರು ಸೂಪರ್‌ವೈಸರ್ ಕೆಲಸಕ್ಕೆ ತಮ್ಮ ಕಡೆಯ ಒಬ್ಬನನ್ನು ಕರೆತಂದರು. ಆ ಭಾನುವಾರ ಶೂ ಕೇಳಲು ಬಂದ ರವಿಕಿರಣ್ ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ ಇತ್ತು.

"ಭಾವ, ನಮ್ ಫ್ಯಾಕ್ಟ್ರೀಲಿ ನನ್ನ ಸೂಪರ್‌ವೈಸರ್ ಮಾಡುದ್ರು. ನಾನೇನ್ ಕೇಳೂ ಇರ್ಲಿಲ್ಲ."

ಚಿಕ್ಕಗಂಗಮ್ಮ ಮೈಸೂರು ಪಾಕು ಚಪ್ಪರಿಸುತ್ತ ಮಗನ ಮೊಬೈಲಿನ ಫೋಟೋ ಬಹಳ ಹೊತ್ತು ನೋಡಿದಳು. ಚೀಟಿಯಲ್ಲಿ ಏನಿದೆ ಎಂದು ರವಿಕಿರಣನಿಂದ ಓದಿಸಿಕೊಂಡಳು.

"ತಾಯಿ ಎಲ್ಲೂ ತಪ್ಪಿಲ್ಲ ಬುಡು," ಎಂದಳು. "ಕಾಯಿ ನಿಮ್ ಸಾಹೇಬ್ರ ಹೆಸ್ರಲ್ಲಿ. ಜೋಡು ಇವನ್ದು. ನಿಂದು ಅಂತ ಏನ್ಲಾ ಇಟ್ಟೆ ಅಲ್ಲಿ?"