ಅಲ್ಲಿ ಕೋಲು ಬರೂದೈತಿ

ನನ್ನ ಸೋದರತ್ತೆಯ ಜೊತೆ ಒಂದೇ ಸೂರಿನಡಿ ವರ್ಷಗಟ್ಟಲೆ ಇದ್ದವಳು ನಾನು. ಆದರೆ ಆ ಕಾಲದಲ್ಲಿ ಯಾರಾದರೂ ಬಂದು, ನಿಮ್ಮ ಅತ್ತೆಯ ಮುಖ ಹೇಗಿದೆ ಎಂದು ಕೇಳಿದ್ದರೆ ನಾನು ತಡಬಡಾಯಿಸುತ್ತಿದ್ದೆ! ನೆತ್ತಿಯ ಬಗ್ಗೆ ಕೇಳಿ, ಹೇಳುತ್ತೇನೆ. ಬೈತಲೆ ಎಲ್ಲಿ ಸೊಟ್ಟಗಾಗುತ್ತದೆ, ಬಿಳಿಕೂದಲು ಎಲ್ಲಿಂದ ಶುರುವಾಗುತ್ತದೆ, ಸೆರಗು ಯಾವ ಕಿವಿಯ ಕಡೆಗೆ ಜಾರುತ್ತದೆ, ಎಲ್ಲ ಬಾಯಿಪಾಠ. ಮುಖ ಮಾತ್ರ ಸದಾ ಕೆಳಗೆ, ಅಂಗೈಯಗಲದ ಒಂದು ಬೂದುಬಣ್ಣದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬಾಗಿರುತ್ತಿತ್ತು.

ಆ ಡಬ್ಬಿ ನಿಮಗೂ ಗೊತ್ತಿರಬೇಕು. ಮೊಬೈಲು ಊರಿಗೆ ಒಂದೋ ಎರಡೋ ಬಂದಿದ್ದ ಕಾಲ ಅದು. ಪೇಟೆಯ ಅಂಗಡಿಗಳಲ್ಲಿ ದಾರ ಕಟ್ಟಿ ತೂಗುಹಾಕಿರುತ್ತಿದ್ದರಲ್ಲ, ಸೆಲ್ ಹಾಕಿದರೆ ಮೇಲಿನಿಂದ ಚೌಕ ಚೌಕದ ತುಂಡುಗಳು ಬೀಳುತ್ತಿದ್ದವಲ್ಲ, ಅದೇ ಇಟ್ಟಿಗೆ ಆಟ. ಬೀಳುವ ತುಂಡನ್ನು ತಿರುಗಿಸಿ, ಸರಿಸಿ, ಸಂದಿಯಿಲ್ಲದಂತೆ ಕೂಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಆ ಸಾಲು ಮಾಯ. ತುಂಬದೆ ಮೇಲಿನವರೆಗೆ ಪೇರಿಸಿದರೆ ನೀವು ಮಾಯ!

ಅತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಹೊದೆಯಲು ಒಂದು ಕೌದಿ ಹಿಡಿದು ಸವಡಿಯ ನಮ್ಮ ಮನೆಗೆ ಬಂದವಳು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ, ಅಡುಗೆಮನೆ, ಎತ್ತು ಕಟ್ಟುವ ಜಾಗ, ಮುಗಿಯಿತು. ಕಿಟಕಿಯಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಪಡಸಾಲೆಯ ಒಂದೇ ಒಂದು ಮೂಲೆಗೆ ಬೀಳುತ್ತಿತ್ತು. ಅಪ್ಪ ಆ ಮೂಲೆಯನ್ನು ಅಕ್ಕನಿಗೆ ಬಿಟ್ಟುಕೊಟ್ಟಿದ್ದ. ಟ್ರಂಕು ಅಲ್ಲಿ, ಕೌದಿ ಅಲ್ಲಿ, ಅತ್ತೆಯೂ ಅಲ್ಲಿ.

ಆಟ ಮನೆಗೆ ಬಂದದ್ದಾದರೂ ಹೇಗೆ ಅಂತೀರಿ? ಹೊಲಕ್ಕೆ ನೀರು ಬಿಡಲು ಹೋಗುವಾಗ ಕತ್ತಲಾಗುತ್ತದೆ, ಒಂದು ಬ್ಯಾಟರಿ ತಾ ಎಂದು ಅಪ್ಪ ಅತ್ತೆಗೆ ಹೇಳಿದ್ದ. ಬ್ಯಾಟರಿ ಎಂದರೆ ನಮ್ಮಲ್ಲಿ ಟಾರ್ಚು. ಅತ್ತೆ ಗಜೇಂದ್ರಗಡದ ಪೇಟೆಗೆ ಹೋದಳು. ಅಂಗಡಿಯವನು ಗಿರಾಕಿಯಿಲ್ಲದೆ ಈ ಆಟ ಆಡುತ್ತ ಕುಳಿತಿದ್ದ. ಅತ್ತೆ ನಿಂತು ನೋಡಿದಳು. ಬಂದ ಬಸ್ಸು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಸಂಜೆ ಮನೆಗೆ ಬಂದವಳ ಕೈಯಲ್ಲಿ ಟಾರ್ಚಿರಲಿಲ್ಲ.

"ಯಕ್ಕಾ, ಬ್ಯಾಟ್ರಿ ಎಲ್ಲಿ?"

"ಇದಕ್ಕೂ ಸೆಲ್ಲ ಹಾಕ್ತಾರೋ ತಮ್ಮಾ."

"ಕತ್ತಲಾಗ ಇದನ್ನ ಹಿಡಕೊಂಡು ಹೊಲಕ್ಕ ಹೋಗ್ಲೇನು?"

"ನೀ ಯಾಕ ಹಿಡಕೊಂಡು ಹೋಗ್ತಿ? ಇದು ನಂದು."

ಮೊದಲ ದಿನವೇ ರಾದ್ಧಾಂತವಾಯಿತು. ಅತ್ತೆ ಹುಟ್ಟಿದಾಗಿನಿಂದ ಪೇರಿಸುತ್ತ ಬಂದವಳು. ಜೋಳದ ಚೀಲ, ಕಡಲೆ ಚೀಲ, ಸಗಣಿಯ ಕುಳ್ಳು, ಕೌದಿ, ಯಾವುದನ್ನು ಕೊಟ್ಟರೂ ಗೋಡೆ ಕಟ್ಟಿದಂತೆ ಒಟ್ಟುತ್ತಿದ್ದಳು. ಒಟ್ಟಿದ್ದು ಮಾಳಿಗೆ ಮುಟ್ಟಿದರೆ ಅದೇ ಸುಗ್ಗಿ. ಇಲ್ಲಿ ನೋಡಿದರೆ ಕಷ್ಟಪಟ್ಟು ಒಂದು ಸಾಲು ಒಟ್ಟಿದೊಡನೆ ಅದು ಪಕ್ಕನೆ ಇಲ್ಲ!

"ಅಯ್ಯ, ಒಟ್ಟಿದ್ದು ಎಲ್ಲಿ ಹೋತ? ಯಾರ ಒಯ್ದ್ರ?"

ಡಬ್ಬಿಯನ್ನು ತಿರುಗಿಸಿ ಬೆನ್ನು ನೋಡಿದಳು. ಅಲ್ಲಾಡಿಸಿದಳು. ಆಮೇಲೆ ಎರಡು ದಿನ ಒಂದು ಸಾಲೂ ಕಳುವಾಗದಂತೆ ಪ್ರತಿ ಸಾಲಿನಲ್ಲೂ ಬೇಕಂತಲೇ ಒಂದೊಂದು ಸಂದಿ ಬಿಟ್ಟು ಮೇಲಿನವರೆಗೆ ಪೇರಿಸಿ, "ನೋಡ್ರಿ, ಭರ್ತಿ!" ಎಂದು ಎಲ್ಲರಿಗೂ ತೋರಿಸಿದಳು. ಡಬ್ಬಿ ಸೋಲಿನ ರಾಗ ಹಾಡಿದರೆ ಅದನ್ನು ತನ್ನ ಮೆರವಣಿಗೆಯ ವಾದ್ಯ ಎಂದುಕೊಂಡಳು! ಮೂರನೆಯ ದಿನ ಆಕೆಗೇ ಹೊಳೆಯಿತು. "ತಿಳೀತು ಬಿಡ. ಸಾಲ ತುಂಬಿತಂದ್ರ ಲಾರಿ ಬಂದು ಒಯ್ತೈತಿ. ಮಾಲ ಹೋತು, ಜಾಗಾ ಉಳೀತು." ಅಲ್ಲಿಂದ ಮುಂದೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ.

ತುಂಡುಗಳಿಗೆಲ್ಲ ಹೆಸರಿಟ್ಟಳು. ಚೌಕದ್ದು ಪೆಟ್ಟಿಗಿ. ತುದಿ ಬಾಗಿದ್ದು ಕುಡಗೋಲು. ನಡುವೆ ಉಬ್ಬಿದ್ದು ಡುಬ್ಬ. ಎಲ್ಲಿಟ್ಟರೂ ಒಂದು ಕಡೆ ಸಂದಿ ಮಾಡುವ ಸೊಟ್ಟ ತುಂಡಿಗೆ ಬೀಗರು ಎಂದು ಕರೆದಳು. ಇನ್ನು ಉಳಿದದ್ದು ಉದ್ದನೆಯದು, ನೆಟ್ಟಗಿನದು: ಕೋಲು. ಅತ್ತೆಯ ಆಟವೆಲ್ಲ ಈ ಕೋಲಿಗಾಗಿ. ಬಲಗಡೆಯ ಗೋಡೆಯ ಪಕ್ಕ ಒಂದು ಪಟ್ಟಿಯಷ್ಟು ಜಾಗವನ್ನು ಮೇಲಿಂದ ಕೆಳಗಿನವರೆಗೆ ಖಾಲಿ ಬಿಟ್ಟು, ಉಳಿದದ್ದನ್ನೆಲ್ಲ ಒತ್ತೊತ್ತಾಗಿ ಕಟ್ಟುವಳು. ಕೋಲು ಬಂದು ಆ ಪಟ್ಟಿಗೆ ನೆಟ್ಟಗೆ ಇಳಿದರೆ ನಾಲ್ಕು ಸಾಲು ಒಟ್ಟಿಗೆ ಲಾರಿ ಹತ್ತುತ್ತವೆ. ಬರದಿದ್ದರೆ? ಬರುವ ತನಕ ಕಾಯುವುದು! ಪೇರಿಕೆ ಕುತ್ತಿಗೆಯವರೆಗೆ ಬಂದಿದೆ, ಇನ್ನೊಂದು ತುಂಡು ಬಿದ್ದರೆ ಮುಗಿಯಿತು, ನಾವು ಬೆನ್ನ ಹಿಂದೆ ನಿಂತು "ಅತ್ತೀ, ಆ ಸಂದಿಗೆ ಏನರ ಹಾಕ!" ಎಂದು ಕುಣಿಯುತ್ತಿದ್ದರೂ ಅತ್ತೆಯದು ಒಂದೇ ಮಾತು.

"ಅಲ್ಲಿ ಕೋಲು ಬರೂದೈತಿ."

ಈಗ ನನ್ನ ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ. ಪಿಯುಸಿಯನ್ನೂ ದಾಟಿ ರೋಣದ ಕಾಲೇಜಿಗೆ ಬಿ.ಎ. ಸೇರಿದೆ. ಈಗ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುತ್ತೇನೆ, ಯಾರಾದರೂ ನಕ್ಕರೆ ನಗಲಿ, ಅವರಿಗೆ ಅದು ಪುಕ್ಕಟೆ ಬಂದಿರಬಹುದು. ಅಪ್ಪ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ಒಂದ ವಿಷಯದಾಗ ಫೇಲ್ ಆದ್ರೂ ಮುಗೀತು ನೋಡ. ಮದುವಿ ಮಾಡಿ ಕಳಸ್ತೀನಿ" ಎಂದ. ಅಪ್ಪ ಮಾತಿಗೆ ತಪ್ಪುವವನಲ್ಲ. ಹಾಗಾಗಿ ನನಗೆ ಬೇಕಾಗಿದ್ದದ್ದು ಓದಲು ಒಂದು ಜಾಗ. ಅದೇ ಇರಲಿಲ್ಲ.

ಏಕೆಂದರೆ ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಬೆಳೆ ಹೊಲದಲ್ಲಿರುವತನಕ ಮಾತ್ರ ಮನೆ ನಮ್ಮದು. ಹತ್ತಿ ಬಿಡಿಸಿ ತಂದು ಪಡಸಾಲೆಗೆ ಸುರಿದರೆ ರೇಟು ಬರುವ ತನಕ ಮನೆ ಹತ್ತಿಯದು. ಮಾಳಿಗೆಯ ತೊಲೆಯವರೆಗೆ ಹತ್ತಿ, ಅದರ ಬದಿಗೆ ಚೀಲ, ಚೀಲದ ಮೇಲೆ ಚೀಲ. ನಾವು ಮನುಷ್ಯರು ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕು.

ನಾನು ಕಾಲೇಜು ಸೇರಿದ ವರ್ಷ ಹತ್ತಿ ಬಂದಾಗ ಅತ್ತೆ ಆಟವನ್ನು ಸೊಂಟಕ್ಕೆ ಸಿಕ್ಕಿಸಿ ತಾನೇ ನಿಂತು ಒಟ್ಟಿಸಿದಳು. ಟ್ರಂಕು ಚೀಲಗಳ ತುದಿಗೇರಿತು. ಕೌದಿ ಟ್ರಂಕಿನ ಮೇಲೇರಿತು. ಕೊನೆಗೆ ಅತ್ತೆಯೇ ಹತ್ತಿಯ ಮೇಲೇರಿ ಕುಳಿತಳು! ತೊಲೆಗೂ ಹತ್ತಿಗೂ ನಡುವೆ ಒಂದು ತಲೆ, ಒಂದು ಡಬ್ಬಿ.

"ಅಲ್ಲ್ಯಾಕ ಏರಿ ಕುಂತಿ ಯಕ್ಕಾ? ಹತ್ತಿ ಮೈಗೆಲ್ಲ ಕಡೀತೈತಿ" ಎಂದ ಅಪ್ಪ.

"ಮೆತ್ತಗೈತೋ" ಎಂದಳು ಅತ್ತೆ, ಒಂದು ಕೈಯಲ್ಲಿ ತುಂಡು ತಿರುಗಿಸುತ್ತ, ಇನ್ನೊಂದರಲ್ಲಿ ಪರಪರ ಕೆರೆದುಕೊಳ್ಳುತ್ತ.

"ಮತ್ತ ಕೆಳಗ ಆ ಮೂಲಿ ಖಾಲಿ ಉಳೀತಲ್ಲ? ಎರಡ ಚೀಲ ಕಡ್ಲಿ ಕುಂದರ್ತಾವ."

"ಅಲ್ಲಿ ಬ್ಯಾಡ."

"ಯಾಕ?"

"ಅಲ್ಲಿ ಕೋಲು ಬರೂದೈತಿ."

ಅವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಅಪ್ಪ ನನ್ನ ಮುಖ ನೋಡಿದ. "ಹುಚ್ಚು ಪೂರಾ ನೆತ್ತಿಗೇರೇತಿ" ಎಂದು ಕಡಲೆ ಚೀಲಗಳನ್ನು ಎತ್ತಿನ ಪಕ್ಕ ಇಟ್ಟ. ಎತ್ತು ಒಂದು ಚೀಲದ ಮೂಲೆ ತಿಂದಿತು. ಖಾಲಿ ಉಳಿದ ಮೂಲೆಯಲ್ಲಿ, ಬೆಳಕಿಂಡಿಯ ಕೆಳಗೆ, ನಾನು ಚಾಪೆ ಹಾಸಿ ಪುಸ್ತಕ ಬಿಚ್ಚಿದೆ. ಮೇಲೆ ಟುಯ್ ಟುಯ್, ಕೆಳಗೆ ಅರ್ಥಶಾಸ್ತ್ರ. ಆ ಡಬ್ಬಿಯ ಗಾಜಿಗೆ ಸ್ವಂತ ಬೆಳಕಿಲ್ಲದ್ದರಿಂದ ಅತ್ತೆ ಬೆಳಕಿಂಡಿಯತ್ತ ಸರಿದಾಗಲೆಲ್ಲ ಆಕೆಯ ತಲೆಯ ನೆರಳು ಸರಿಯಾಗಿ ನನ್ನ ಪುಟದ ಮೇಲೆ ಬೀಳುತ್ತಿತ್ತು.

"ಅತ್ತೀ, ತಲಿ!"

ನೆರಳು ಸರಿಯುತ್ತಿತ್ತು. ತಲೆ ಏಳುತ್ತಿರಲಿಲ್ಲ.

ಕೊನೆಯ ವರ್ಷದಲ್ಲಿ, ಹತ್ತಿ ಮತ್ತೆ ತೊಲೆ ಮುಟ್ಟಿದ್ದಾಗ, ಆಟಕ್ಕೆ ಒಂದು ಗಂಡಾಂತರ ಬಂತು. ಅದರಲ್ಲಿ ನಡುವೆ ನಿಲ್ಲಿಸಲಿಕ್ಕೆಂದು ಒಂದು ಗುಂಡಿ ಇತ್ತು. "ಎರಡ ನಿಮಿಷ ನಿಲ್ಸಿ ಊಟಕ್ಕ ಬರ್ರಿ ವೈನಿ" ಎಂದು ಕೂಗಿ ಕೂಗಿ ಸಾಕಾದ ಅವ್ವ ಒಂದು ದಿನ ತಾನೇ ಹತ್ತಿಯ ಮೇಲೆ ಹತ್ತಿ ಆ ಗುಂಡಿಯನ್ನು ರೊಟ್ಟಿ ಬಡಿಯುವ ಕೈಯಲ್ಲಿ ಒತ್ತಿದಳು. ಒಳಗೆ ಹೋದ ಗುಂಡಿ ಹೊರಗೆ ಬರಲಿಲ್ಲ. ನನಗೆ ನರಗುಂದದಿಂದ ಒಂದು ಪುಸ್ತಕ ತರುವುದಿತ್ತು, ಅತ್ತೆಯೂ ಹೊರಟಳು. ಅಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು, ಎದೆಯವರೆಗೆ ಬಿಳಿ ಗಡ್ಡ.

"ಯಕ್ಕಾರ, ಇದು ಹುಡುಗರ ಸಾಮಾನ ಐತ್ರಿ."

"ನಾ ಏನ ಮುದುಕಿ ಕಂಡ್ನೇನ್ರಿ? ಬಿಚ್ಚಿ ನೋಡ್ರಿ."

ಸಾಹೇಬರು ನಗುತ್ತ ಬಿಚ್ಚಿದರು, ಊದಿದರು, ಕೂಡಿಸಿದರು. "ಆಟ ನಡೀತೈತ್ರಿ. ಆದ್ರ ನಿಲ್ಸೂ ಗುಂಡಿ ಹೋತು. ಒಮ್ಮೆ ಚಾಲೂ ಆತಂದ್ರ ಮುಗಿಯೂತನಾ ನಿಲ್ಲಂಗಿಲ್ಲ."

"ಅದ ಚಲೋ ಆತು. ನಡುವ ನಿಲ್ಸಿದ್ದು ಮತ್ತ ಎಲ್ಲಿ ಚಾಲೂ ಆಗತೈತಿ ಬಿಡ್ರಿ!"

ಹೊಸ ಸ್ಥಿತಿಯ ಫಲ ಮನೆಗೆ ಮರಳುವ ದಾರಿಯಲ್ಲೇ ಸಿಕ್ಕಿತು. ರೋಣದಲ್ಲಿ ಇಳಿದು ಸವಡಿಗೆ ಟಂಟಂ ರಿಕ್ಷಾ ಹತ್ತಬೇಕಿತ್ತು. ಬಸ್ಸು ಪೂರ್ತಿ ಖಾಲಿಯಾದ ಮೇಲೆ ಕಂಡಕ್ಟರ್ ನಮ್ಮೆದುರು ಬಂದು ನಿಂತ.

"ಇಳೀರಿ ಅವ್ವಾರ, ಗಜೇಂದ್ರಗಡ."

"ರೋಣ ಬಂದಾಗ ಹೇಳಬೇಕಿಲ್ಲೇನೋ ತಮ್ಮಾ?"

"ರೋಣ, ರೋಣ ಅಂತ ಗಂಟಲ ಹರಕೊಂಡ್ನೆಲ್ರೀ!"

"ಆಗ ಪೆಟ್ಟಿಗಿ ಬೀಳಾಕತ್ತಿತ್ತು."

ಅತ್ತೆಯದು ಬಿಡಿ, ಪಕ್ಕದಲ್ಲಿದ್ದ ನಿನಗೇನಾಗಿತ್ತು ಎಂದು ಕೇಳುತ್ತೀರಾ? ನಾನು ಹೊಸ ಪುಸ್ತಕ ಓದುತ್ತಿದ್ದೆ! ರಕ್ತ ಒಂದೇ ಅಲ್ಲವೇ?

ಪರೀಕ್ಷೆ ಹತ್ತಿರ ಬಂತು. ಅದೇ ಹೊತ್ತಿಗೆ ಚಿಕ್ಕನರಗುಂದದಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಒಳ್ಳೆಯ ಮನೆತನ, ಹುಡುಗನಿಗೆ ಸ್ವಂತ ಹೊಲ. ಅಪ್ಪನ ಮನಸ್ಸು ಅತ್ತ ವಾಲಿತು. "ಫೇಲ್ ಆಗೂತನಾ ಯಾಕ ಕಾಯೂದು?" ಎಂದು ಅವ್ವನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಮೂಲೆಗೆ ಹೋಗಿ ಮತ್ತೆ ಪುಸ್ತಕ ಬಿಚ್ಚಿದೆ.

ಬಂದವರು ಚೀಲಗಳ ನಡುವೆ ಒತ್ತಿಕೊಂಡು ಜಮಖಾನದ ಮೇಲೆ ಕುಳಿತರು. ಮೇಲಿನಿಂದ ಟುಯ್ ಟುಯ್. ಹುಡುಗನ ತಂದೆ ತೊಲೆಯತ್ತ ನೋಡಿ, "ಮ್ಯಾಲೆ ಯಾರ್ರೀ ಅದು?" ಎಂದರು.

"ನಮ್ಮಕ್ಕಾರ್ರಿ. ಹತ್ತಿ ಕಾಯಾಕತ್ತಾರ" ಎಂದ ಅಪ್ಪ ಹಲ್ಲು ಕಚ್ಚಿ. ಆಮೇಲೆ ಮೇಲಕ್ಕೆ, "ಯಕ್ಕಾ, ಇಳದ ಬಾ!"

ಇಳಿಯುವುದು ಹೇಗೆ? ಆಟ ನಿಲ್ಲುವುದಿಲ್ಲವಲ್ಲ! ಅತ್ತೆ ಕೈ ಕೆಳಗೆ ಚಾಚಿ, ತಲೆ ಎತ್ತದೆ, ಡಬ್ಬಿಯನ್ನು ಎದುರಿಗೆ ಸಿಕ್ಕವನ ಕೈಗಿಟ್ಟಳು. "ಒಂಚೂರ ಹಿಡಿ ತಮ್ಮಾ, ನಾ ಇಳೀತೀನಿ. ಕೆಡಸಬ್ಯಾಡ ಮತ್ತ!" ಎದುರಿಗೆ ಸಿಕ್ಕವನು ವರನಾಗಿದ್ದ.

ಅತ್ತೆ ಇಳಿದಳು. ವರ ಡಬ್ಬಿ ಕೊಡಲಿಲ್ಲ. ನಾನು ಸೀರೆ ಉಟ್ಟು ಚಹದ ತಾಟು ಹಿಡಿದು ಬಂದೆ.

"ಹುಡುಗಿ ಬಂದಾಳ, ನೋಡಪಾ" ಎಂದರು ಅವನ ತಂದೆ.

"ಒಂದ ನಿಮಿಷ ತಡೀರಿ."

ಚಹ ಆರಿತು. ಕೆನೆ ಕಟ್ಟಿತು. ನಾನು ನಿಂತೇ ಇದ್ದೆ, ವರನ ನೆತ್ತಿ ನೋಡುತ್ತ. ನೆತ್ತಿ ನೋಡುವುದು ನನಗೆ ಅಭ್ಯಾಸವಾಗಿತ್ತು ಬಿಡಿ! ಕೊನೆಗೆ ಡಬ್ಬಿ ಸೋಲಿನ ರಾಗ ಹಾಡಿತು, ವರ ಬೆವರು ಒರೆಸಿಕೊಂಡ. ಅತ್ತೆ ಗಾಜನ್ನು ಒಮ್ಮೆ ನೋಡಿದವಳು ಅಲ್ಲೇ ತೀರ್ಪು ಕೊಟ್ಟಳು.

"ಈ ಸಂಬಂಧ ಬ್ಯಾಡೋ ತಮ್ಮಾ. ಖಾಲಿ ಜಾಗಾ ಕಂಡಕೂಡ್ಲೆ ಪೆಟ್ಟಿಗಿ, ಡುಬ್ಬ ಎಲ್ಲಾ ತುರುಕ್ಯಾನ. ಕಾಯೂ ಗುಣ ಇಲ್ಲ."

ಬಂದವರು ಮುಖ ಗಂಟಿಕ್ಕಿ ಹೋದರು. ಬಾಗಿಲು ದಾಟುವಾಗ ವರ ಮಾತ್ರ ತಿರುಗಿ, "ಅತ್ತ್ಯಾರ, ಇದು ಎಲ್ಲಿ ಸಿಗತೈತ್ರಿ?" ಎಂದು ಕೇಳಿದ!

ಅಪ್ಪ ನಗಲಿಲ್ಲ. "ನಿನ್ನ ಆಟದ ಸಲುವಾಗಿ ಬಂದ ಸಂಬಂಧ ಕೆಡಸಿದೆಲ್ಲ ಯಕ್ಕಾ! ಮದುವಿ ಆದ ಮ್ಯಾಲೆ ಓದಬಾರದೇನು ಆಕಿ?"

ಅತ್ತೆ ಆಗಲೇ ಹೊಸ ಆಟ ಶುರುಮಾಡಿದ್ದಳು. ಬಗ್ಗಿದ ತಲೆಯಿಂದಲೇ ಮಾತು ಬಂತು. "ನನ್ನ ಸಾಲಿ ಬಿಡಿಸಿದಾಗೂ ನಮ್ಮಪ್ಪ ಹಿಂಗ ಅಂದಿದ್ದ, ಆಮ್ಯಾಲೆ ಮತ್ತ ಸಾಲಿಗೆ ಹಚ್ಚಿದ್ರಾತು ಅಂತ. ಪರೀಕ್ಷಾ ಮುಗೀಲಿ. ಅಲ್ಲೀತನಾ ಆ ಮೂಲ್ಯಾಗಿಂದ ಆಕಿನ್ನ ಯಾರೂ ಎಬ್ಬಸಬ್ಯಾಡ್ರಿ."

"ಒಂದ ವಿಷಯ ಹೋದ್ರೂ ಮುಗೀತು. ಆಮ್ಯಾಲೆ ನಾ ಯಾರ ಮಾತೂ ಕೇಳಂಗಿಲ್ಲ" ಎಂದು ಆ ನೆತ್ತಿಗೇ ಹೇಳಿ ಅಪ್ಪ ಚಪ್ಪಲಿ ಮೆಟ್ಟಿ ಹೊರಟ.

ನಾನು ಓದಿದೆ. ಹೇಗೆ ಓದಿದೆ ಎಂದರೆ, ಮೇಲಿನಿಂದ ಹತ್ತಿಯ ಎಳೆ ಪುಟದ ಮೇಲೆ ಉದುರಿದರೆ ಊದಿ ಓದಿದೆ. ಪರೀಕ್ಷೆ ಬರೆದು ಬಂದೆ. ಹತ್ತಿಗೆ ರೇಟು ಬಂತು, ಲಾರಿ ಬಂತು, ಪಡಸಾಲೆ ಬಯಲಾಯಿತು. ಕೂಗಿದರೆ ಮಾತು ಮರಳಿ ಕೇಳುವಷ್ಟು ಜಾಗ! ಆದರೂ ಅತ್ತೆ ತನ್ನ ಟ್ರಂಕನ್ನು ಮತ್ತೆ ಆ ಮೂಲೆಗೆ ತಂದಿಡಲಿಲ್ಲ. ನನ್ನ ಚಾಪೆ ಅಲ್ಲೇ ಇತ್ತು. ದಿನಾ ಕಸ ಗುಡಿಸುವಾಗ ಎತ್ತಿ, ಝಾಡಿಸಿ, ಮತ್ತೆ ಅಲ್ಲಿಯೇ ಹಾಸುತ್ತಿದ್ದಳು.

ಫಲಿತಾಂಶದ ದಿನ ರೋಣಕ್ಕೆ ಹೋಗಿ ಕಾಲೇಜಿನ ಗೋಡೆಗೆ ಹಚ್ಚಿದ್ದನ್ನು ನೋಡಿದೆ. ನಂಬಿಕೆ ಬಾರದೆ ಪಕ್ಕದವರಿಂದ ಓದಿಸಿದೆ. ಟಂಟಂ ಇಳಿದು ಓಡಿಬಂದರೆ ಮನೆಯಲ್ಲಿ ಅಪ್ಪ ಇಲ್ಲ, ಅವ್ವ ಇಲ್ಲ, ಇಬ್ಬರೂ ಬಿತ್ತಲು ಹೋಗಿದ್ದರು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅತ್ತೆಯ ನೆತ್ತಿ. ಟುಯ್ ಟುಯ್. ಬಗ್ಗಿ ನೋಡಿದೆ. ಪೇರಿಕೆ ಕುತ್ತಿಗೆಯವರೆಗೆ ಬಂದಿತ್ತು, ಬಲಗಡೆಯ ಪಟ್ಟಿ ತಳದವರೆಗೆ ಖಾಲಿ.

"ಏನಾತ?" ಎಂದಳು ನೆಲದ ಕಡೆಗೆ.

"ಪಾಸಾದೆ ಅತ್ತಿ. ಎಲ್ಲಾ ವಿಷಯ. ಫಸ್ಟ್ ಕ್ಲಾಸ್."

ಅತ್ತೆ ತಲೆ ಎತ್ತಿದಳು.

ಹುಬ್ಬು ನಮ್ಮಪ್ಪನದೇ ಎಂದು ಆಗ ಕಂಡೆ. ಅಂದರೆ ನನ್ನದೂ. ಕುತ್ತಿಗೆಯ ಮೇಲೆ ಹತ್ತಿ ಕಡಿದು ಕೆರೆದ ಕಪ್ಪು ಕಲೆಗಳಿದ್ದವು. ಕಣ್ಣುಗಳು ಬಿಸಿಲಿಗೆ ಕಿರಿದಾಗಿದ್ದವು, ಆದರೆ ನನ್ನ ಮೇಲಿಂದ ಸರಿಯಲಿಲ್ಲ. ಅಷ್ಟರಲ್ಲಿ ಕೆಳಗೆ ಡಬ್ಬಿಯ ಗಾಜಿನ ಮೇಲ್ತುದಿಯಲ್ಲಿ ಉದ್ದನೆಯದೊಂದು ಇಣುಕಿತು.

"ಅತ್ತೀ, ಕೋಲು! ಕೋಲು ಬಂತು, ನೋಡ ಲಗೂನ!"

"ಹೌದವಾ, ಬಂತು" ಎಂದಳು ನನ್ನ ಗಲ್ಲ ಹಿಡಿದು, "ನೋಡಾಕತ್ತೀನೆಲ್ಲ."

ಆಕೆಯ ಮಡಿಲಲ್ಲಿ ಕೋಲು ಅಡ್ಡಡ್ಡ ಬಿದ್ದು ಆಟ ಮುಗಿಯಿತು.